ಹಿರಿಯರ ಆರೈಕೆ ಕೇಂದ್ರ ಚೆನ್ನಾಗಿದೆಯೇ ಎಂದು ತಿಳಿಯುವುದು ಹೇಗೆ?

ಆರೈಕೆ ಕೇಂದ್ರ ನೋಡಲು ಬಂದವರಿಗೆ ಮೊದಲು ತೋರಿಸುವುದು ಸ್ವಾಗತ ಕೋಣೆ, ಕೈತೋಟ, ಟಿವಿ ಹಾಲ್, ಆಮೇಲೆ ಆಗಷ್ಟೇ ಶುಚಿ ಮಾಡಿಟ್ಟ ಒಂದು ಖಾಲಿ ಕೋಣೆ. ಇವೆಲ್ಲ ಚೆನ್ನಾಗಿದ್ದರೆ ಒಳ್ಳೆಯದೇ. ಆದರೆ ಇವುಗಳಿಂದ ಆರೈಕೆಯ ಬಗ್ಗೆ ತಿಳಿಯುವುದು ಬಹಳ ಕಡಿಮೆ. ಓಡಾಡಬಲ್ಲ, ಬಾಯಿಬಿಟ್ಟು ಕೇಳಬಲ್ಲ ಹಿರಿಯರು ಸಾಧಾರಣ ಕೇಂದ್ರದಲ್ಲೂ ಹೇಗೋ ಸುಧಾರಿಸಿಕೊಳ್ಳುತ್ತಾರೆ. ತಾವಾಗಿ ಮಗ್ಗುಲು ಬದಲಿಸಲಾರದ, ಬಾಯಾರಿಕೆ ಎಂದು ಹೇಳಲಾರದ, ಡಯಾಪರ್ ಒದ್ದೆಯಾದರೂ ದೂರಲಾರದ ವ್ಯಕ್ತಿಗೆ ಅಲ್ಲಿ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ನೋಡಬೇಕು. ಇವತ್ತು ನಡೆದಾಡುತ್ತಿರುವ ನಿಮ್ಮ ತಂದೆಯೋ ತಾಯಿಯೋ ಮುಂದೆ ಆ ಸ್ಥಿತಿಗೆ ಬರಬಹುದು. ಹಾಗಾಗಿ ಹೋದಾಗಲೆಲ್ಲ ನಿಮ್ಮ ಕಣ್ಣು ಅಲ್ಲಿನ ಅತ್ಯಂತ ಅಸಹಾಯಕ ವ್ಯಕ್ತಿಯ ಮೇಲಿರಲಿ.

ಯಾವಾಗ ಹೋಗಬೇಕು

ಒಂದೇ ಭೇಟಿಯಲ್ಲಿ ತೀರ್ಮಾನ ಬೇಡ, ಕನಿಷ್ಠ ಮೂರು ಸಲ ಹೋಗಿ. ಮೊದಲ ಸಲ ಹೇಳಿಯೇ ಹೋಗಿ; ಮುಖ್ಯಸ್ಥರನ್ನು ಕಂಡು ಪ್ರಶ್ನೆ ಕೇಳಲು, ದಾಖಲೆ ನೋಡಲು ಅದು ಬೇಕು. ಎರಡನೆಯ ಸಲ ಹೇಳದೆ, ಮಧ್ಯಾಹ್ನದ ಊಟಕ್ಕೆ ಕಾಲು ಗಂಟೆ ಇರುವಾಗ. ಮೂರನೆಯ ಸಲ ರಾತ್ರಿ 7ರ ಮೇಲೆ ಅಥವಾ ರಜಾದಿನ, ಮುಖ್ಯಸ್ಥರು ಮನೆಗೆ ಹೋಗಿರುವ ಹೊತ್ತಿನಲ್ಲಿ. ಈ ಮೂರನೆಯ ಭೇಟಿಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಸಿಬ್ಬಂದಿ ತೀರಾ ಕಡಿಮೆ ಇರುವುದು, ಕರೆಗಂಟೆ ಒಂದೇ ಸಮನೆ ಬಡಿದುಕೊಳ್ಳುವುದು, ಸಂಜೆ 6ಕ್ಕೇ ಎಲ್ಲರನ್ನೂ ಮಲಗಿಸಿ ದೀಪ ಆರಿಸಿರುವುದು ಕಣ್ಣಿಗೆ ಬೀಳುವುದು ಆಗಲೇ.

ಬೇರೆಯವರ ಕೋಣೆಯೊಳಗೆ ಬಿಡದಿದ್ದರೆ ತಪ್ಪೇನಿಲ್ಲ, ಅದು ಅವರ ಖಾಸಗಿತನ. ಆದರೆ ಕಾರಿಡಾರ್‌ಗೂ ಊಟದ ಹಾಲ್‌ಗೂ ಬಿಡದೆ ಆಫೀಸಿನಲ್ಲೇ ಕೂರಿಸಿ ಕಳಿಸಿದರೆ ಆ ಕೇಂದ್ರವನ್ನು ಪಟ್ಟಿಯಿಂದ ತೆಗೆಯಬಹುದು.

ಒಳಗೆ ಕಾಲಿಟ್ಟ ಕೂಡಲೇ ವಾಸನೆ ತಿಳಿಯುತ್ತದೆ. ಒಂದು ಕೋಣೆಯ ಬಳಿ ಮೂತ್ರದ ವಾಸನೆ ಬಂದು, ಅರ್ಧ ಗಂಟೆ ಬಿಟ್ಟು ಬಂದಾಗ ಹೋಗಿದ್ದರೆ ಯಾರೋ ಬಂದು ಶುಚಿ ಮಾಡಿದ್ದಾರೆ ಎಂದರ್ಥ. ಇಡೀ ಕಟ್ಟಡಕ್ಕೆ ವಾಸನೆ ಹಿಡಿದಿದ್ದರೆ ಅದು ಹಾಸಿಗೆ, ಕುರ್ಚಿ, ಪರದೆಗಳಿಗೇ ಇಳಿದಿದೆ. ಫಿನಾಯಿಲ್ ಅಥವಾ ರೂಮ್ ಸ್ಪ್ರೇ ಮೂಗಿಗೆ ಹೊಡೆಯುವಷ್ಟಿದ್ದರೆ ಏನನ್ನೋ ಮುಚ್ಚಲು ಹೊರಟಿದ್ದಾರೆ ಎಂದು ಅನುಮಾನಿಸುವುದರಲ್ಲಿ ತಪ್ಪಿಲ್ಲ.

ಕೈಗಳ ಲೆಕ್ಕ

ಆರೈಕೆ ಕೆಡುವುದಕ್ಕೆ ಕೆಟ್ಟ ಮನಸ್ಸಿಗಿಂತ ದೊಡ್ಡ ಕಾರಣ ಕೈ ಸಾಲದಿರುವುದು. “ನಮ್ಮಲ್ಲಿ ಒಟ್ಟು 25 ಸಿಬ್ಬಂದಿ” ಎಂಬ ಉತ್ತರದಲ್ಲಿ ಅಡುಗೆಯವರು, ಕಾವಲುಗಾರರು, ಲೆಕ್ಕ ಬರೆಯುವವರು ಎಲ್ಲರೂ ಇರುತ್ತಾರೆ. ಬೆಳಿಗ್ಗೆ, ಸಂಜೆ, ರಾತ್ರಿ ಒಂದೊಂದು ಶಿಫ್ಟಿನಲ್ಲಿ ಹಿರಿಯರನ್ನು ಮುಟ್ಟಿ ಕೆಲಸ ಮಾಡುವ ನರ್ಸ್ ಎಷ್ಟು, ಅಟೆಂಡರ್ ಎಷ್ಟು ಎಂದು ಬಿಡಿಸಿ ಕೇಳಿ. ನರ್ಸ್ ಎಂದು ಕರೆಯಲಾಗುವವರಲ್ಲಿ ತರಬೇತಿ ಮುಗಿಸಿ ನೋಂದಣಿ ಆದವರು ಯಾರು, ಸಮವಸ್ತ್ರ ಮಾತ್ರ ತೊಟ್ಟವರು ಯಾರು ಎಂಬುದನ್ನೂ ಕೇಳಿ.

ಒಂದು ಲೆಕ್ಕ ಹಾಕೋಣ. 40 ಹಿರಿಯರಿರುವ ಕೇಂದ್ರ. 8 ಗಂಟೆಯ ಶಿಫ್ಟ್. ಬೆಳಿಗ್ಗೆ 7 ಜನ, ಸಂಜೆ 5, ರಾತ್ರಿ 3. ಒಟ್ಟು 15 ಜನರ 120 ಗಂಟೆ. ತಲೆಗೆ ದಿನಕ್ಕೆ 3 ಗಂಟೆ. 2001ರಲ್ಲಿ ಅಮೆರಿಕದ ಸರ್ಕಾರಿ ಅಧ್ಯಯನವೊಂದು ನರ್ಸ್ ಮತ್ತು ಅಟೆಂಡರ್ ಸೇರಿ ತಲೆಗೆ ಸುಮಾರು 4.1 ಗಂಟೆಗಿಂತ ಕಡಿಮೆಯಾದರೆ ದೀರ್ಘಕಾಲ ಇರುವವರ ಆರೈಕೆ ಕೆಡುತ್ತದೆ ಎಂದು ಕಂಡುಕೊಂಡಿತ್ತು. ಎಲ್ಲ ಕಡೆಗೂ ಅದೇ ಕಾನೂನು ಎಂದಲ್ಲ, ಹೋಲಿಸಿ ನೋಡಲು ಒಂದು ಅಳತೆ ಅಷ್ಟೇ.

ಇದೇ ಕೇಂದ್ರದ ರಾತ್ರಿಯನ್ನು ನೋಡಿ. 40 ಜನರಲ್ಲಿ 12 ಮಂದಿ ಹಾಸಿಗೆ ಹಿಡಿದವರು ಎಂದುಕೊಳ್ಳಿ. ಒಬ್ಬರ ಮಗ್ಗುಲು ಬದಲಿಸಿ, ಡಯಾಪರ್ ನೋಡಿ, ಬಟ್ಟೆ ಸರಿಪಡಿಸಲು ಇಬ್ಬರಿಗೆ 10 ನಿಮಿಷ ಬೇಕು. 12 ಜನರಿಗೆ 120 ನಿಮಿಷ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ ಎಂದು ಅವರು ಹೇಳಿದರೆ ಇಬ್ಬರು ಇಡೀ ರಾತ್ರಿ ಕೂರದೆ ಅದನ್ನೊಂದೇ ಮಾಡುತ್ತಿರಬೇಕು. ಉಳಿದ 28 ಜನರ ಕರೆಗಂಟೆ, ಶೌಚಾಲಯ, ಔಷಧಿ ಎಲ್ಲವೂ ಉಳಿದೊಬ್ಬರ ತಲೆಯ ಮೇಲೆ. ಇಂಥ ಕಡೆ ಚಾರ್ಟಿನಲ್ಲಿ ಏನೇ ಬರೆದಿದ್ದರೂ ಕೆಲಸ ಆಗಿರುವುದು ಕಷ್ಟ. ನೀವು ನೋಡುವ ಕೇಂದ್ರದ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ಒಬ್ಬರು ದಿಢೀರನೆ ರಜೆ ಹಾಕಿದರೆ ಬದಲಿಗೆ ಯಾರು ಬರುತ್ತಾರೆ, ಕಳೆದ ಒಂದು ವರ್ಷದಲ್ಲಿ ಎಷ್ಟು ಜನ ಕೆಲಸ ಬಿಟ್ಟರು ಎಂದೂ ಕೇಳಿ. ಹಳಬರು ಉಳಿದುಕೊಂಡಿರುವ ಕೇಂದ್ರದಲ್ಲಿ ಅಟೆಂಡರ್‌ಗೆ ಯಾರಿಗೆ ಯಾವ ಕಡೆ ಮಲಗಿದರೆ ನೋವು ಎಂಬುದು ಗೊತ್ತಿರುತ್ತದೆ. ತಿಂಗಳಿಗೊಮ್ಮೆ ಮುಖ ಬದಲಾಗುವ ಕಡೆ ಹೆಸರೂ ಗೊತ್ತಿರುವುದಿಲ್ಲ.

ಚರ್ಮ

ಎಲ್ಲಕ್ಕಿಂತ ನಂಬಬಹುದಾದ ಸಾಕ್ಷಿ ಚರ್ಮವೇ. ಮೂಳೆ ಉಬ್ಬಿರುವಲ್ಲಿ ದೇಹದ ಭಾರ ಬಹಳ ಹೊತ್ತು ಒಂದೇ ಕಡೆ ಒತ್ತಿದರೆ ಅಲ್ಲಿಗೆ ರಕ್ತ ಹೋಗುವುದಿಲ್ಲ, ಚರ್ಮ ಒಳಗಿನಿಂದ ಸಾಯತೊಡಗುತ್ತದೆ. ಹಾಸಿಗೆ ಹುಣ್ಣು ಆಗುವುದು ಹೀಗೆ. ಸೊಂಟದ ಕೆಳಗಿನ ಬೆನ್ನುಮೂಳೆಯ ತುದಿ, ಹಿಮ್ಮಡಿ, ಸೊಂಟದ ಪಕ್ಕ, ಪಾದದ ಹರಡು, ಮೊಣಕೈ, ಭುಜದ ಹಿಂಭಾಗ, ತಲೆಯ ಹಿಂಭಾಗ ಇವು ಅಪಾಯದ ಜಾಗಗಳು. ಮೊದಲ ಹಂತದಲ್ಲಿ ಬೆರಳಿನಿಂದ ಒತ್ತಿದರೂ ಬೆಳ್ಳಗಾಗದ ಕೆಂಪು ಕಾಣುತ್ತದೆ. ಕಪ್ಪು ಚರ್ಮದಲ್ಲಿ ಕೆಂಪು ಗೊತ್ತಾಗುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಬಿಸಿ, ಗಟ್ಟಿ ಅಥವಾ ನೇರಳೆ ಛಾಯೆ ಇದೆಯೇ ಎಂದು ಮುಟ್ಟಿ ನೋಡಬೇಕು. ನಾಲ್ಕನೆಯ ಹಂತದಲ್ಲಿ ಹುಣ್ಣು ಸ್ನಾಯು, ಮೂಳೆಯವರೆಗೆ ಇಳಿದಿರುತ್ತದೆ.

ಮುಖ್ಯಸ್ಥರನ್ನು ಹೀಗೆ ಕೇಳಿ: ಈಗ ಎಷ್ಟು ಜನರಿಗೆ ಹಾಸಿಗೆ ಹುಣ್ಣಿದೆ? ಅದರಲ್ಲಿ ಇಲ್ಲಿಗೆ ಬಂದ ಮೇಲೆ ಆದದ್ದು ಎಷ್ಟು? ಯಾವ ಹಂತದವು? ವಾರಕ್ಕೊಮ್ಮೆ ಅಳತೆ ತೆಗೆದು ಬರೆದಿಡುತ್ತೀರಾ? “ಒಂದೂ ಇಲ್ಲ” ಎಂದು ಕೇಳಿದ ತಕ್ಷಣ ಹೇಳುವವರಿಗಿಂತ, “ಇಬ್ಬರಿಗಿದೆ, ಒಬ್ಬರು ಆಸ್ಪತ್ರೆಯಿಂದ ಬರುವಾಗಲೇ ಇತ್ತು, ಇನ್ನೊಬ್ಬರದು ವಾಸಿಯಾಗುತ್ತಿದೆ” ಎಂದು ಪುಸ್ತಕ ತೆರೆಯುವವರು ನಂಬಲರ್ಹರು.

ಹಾಸಿಗೆ ಹಿಡಿದವರ ಬಳಿ ನೀವೇ ಗಮನಿಸಬಹುದಾದ ಸಂಗತಿಗಳಿವೆ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಟ್ಟಿದ್ದಾರೆಯೇ? ಮಂಡಿಗಳ ನಡುವೆ ದಿಂಬು ಇದೆಯೇ? ತಲೆಯ ಕಡೆ ಸುಮಾರು 30 ಡಿಗ್ರಿಗಿಂತ ಎತ್ತರಿಸಿ ಗಂಟೆಗಟ್ಟಲೆ ಬಿಟ್ಟರೆ ದೇಹ ಕೆಳಕ್ಕೆ ಜಾರುತ್ತಾ ಚರ್ಮ ಉಜ್ಜಿಹೋಗುತ್ತದೆ. ಏರ್ ಬೆಡ್ ಇದ್ದರೆ ಪಂಪ್ ಆನ್ ಆಗಿದೆಯೇ ಎಂದು ಕೈಯಿಟ್ಟು ನೋಡಿ. ಆಫ್ ಆಗಿರುವ, ಗಾಳಿ ಇಳಿದಿರುವ ಏರ್ ಬೆಡ್‌ಗಳು ಎಷ್ಟೋ ಇರುತ್ತವೆ. ಏರ್ ಬೆಡ್ ಇದೆಯೆಂದು ಮಗ್ಗುಲು ಬದಲಿಸುವುದನ್ನು ಬಿಡುವಂತಿಲ್ಲ. ನಡುವೆ ತೂತಿರುವ ಉಂಗುರದಾಕಾರದ ಕುಶನ್ ಬಳಸುತ್ತಿದ್ದರೆ ಅವರ ತಿಳಿವಳಿಕೆ ಹಳೆಯದು: ಅದು ಸುತ್ತಲಿನ ರಕ್ತಸಂಚಾರವನ್ನೇ ತಡೆಯುತ್ತದೆ. ಇನ್ನು ವೀಲ್‌ಚೇರಿನಲ್ಲಿ ಕೂತವರು. ಇವರನ್ನು ಎಲ್ಲರೂ ಮರೆಯುತ್ತಾರೆ. ತಾವಾಗಿ ಸರಿದು ಕೂರಲಾರದವರನ್ನು ಗಂಟೆಗೊಮ್ಮೆಯಾದರೂ ಎತ್ತಿ ಸರಿಪಡಿಸಬೇಕು. ಬೆಳಿಗ್ಗೆ ಕೂತ ಭಂಗಿಯಲ್ಲೇ ಮಧ್ಯಾಹ್ನವೂ ಇದ್ದರೆ ಉತ್ತರ ಸಿಕ್ಕಂತೆ.

ಊಟ, ನೀರು, ತೂಕ

ಊಟದ ಹೊತ್ತಿಗೆ ಹೋದಾಗ ತಟ್ಟೆಯಲ್ಲಿ ಏನಿದೆ ಎನ್ನುವುದಕ್ಕಿಂತ ತಟ್ಟೆ ಹಿಂದಕ್ಕೆ ಹೋಗುವಾಗ ಏನು ಉಳಿದಿದೆ ಎಂದು ನೋಡಿ. ಮುಟ್ಟದ ತಟ್ಟೆಯನ್ನು ಹಾಗೇ ಎತ್ತಿಕೊಂಡು ಹೋದರೇ? ಯಾಕೆ ಉಣ್ಣಲಿಲ್ಲ ಎಂದು ಒಬ್ಬರಾದರೂ ಕೇಳಿದರೇ? ತುತ್ತು ಕೊಡಬೇಕಾದ ವ್ಯಕ್ತಿಗೆ 20ರಿಂದ 30 ನಿಮಿಷ ಹಿಡಿಯುತ್ತದೆ. ಒಬ್ಬ ಅಟೆಂಡರ್ ನಿಂತುಕೊಂಡೇ ನಾಲ್ವರಿಗೆ ಸರದಿಯಲ್ಲಿ ಚಮಚ ತುರುಕುತ್ತಿದ್ದರೆ ಅವರು ಅರೆಹೊಟ್ಟೆಯಲ್ಲಿ ಏಳುತ್ತಾರೆ, ಇಲ್ಲವೇ ಆಹಾರ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಬರಬಹುದು. ಉಣಿಸುವವರು ಎದುರಿಗೆ ಕೂತಿರಬೇಕು, ಉಣ್ಣುವವರು ನೆಟ್ಟಗೆ ಕೂತಿರಬೇಕು, ಊಟವಾದ ಮೇಲೂ ಅರ್ಧ ಗಂಟೆ ಮಲಗಿಸಬಾರದು. ಉಣ್ಣುವಾಗ ಕೆಮ್ಮು, ನುಂಗಿದ ಮೇಲೆ ಗಂಟಲಲ್ಲಿ ಗೊರಗೊರ ಸದ್ದು ಕೇಳಿಸಿದರೆ ನುಂಗುವಿಕೆಯ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ. ಮೂಗಿನ ಟ್ಯೂಬಿನಲ್ಲಿ ಆಹಾರ ಕೊಡುವವರ ತಲೆ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ಇಲ್ಲಿ ಹುಣ್ಣಿನ ಭಯಕ್ಕಿಂತ ಉಸಿರಿಗೆ ಆಹಾರ ಸಿಕ್ಕುವ ಭಯ ದೊಡ್ಡದು.

ರಾತ್ರಿಯ ಊಟಕ್ಕೂ ಬೆಳಗಿನ ತಿಂಡಿಗೂ ನಡುವೆ 14 ಗಂಟೆಗಿಂತ ಹೆಚ್ಚು ಅಂತರ ಇರಬಾರದು. ಸಂಜೆ 5:30ಕ್ಕೆ ಊಟ, ಬೆಳಿಗ್ಗೆ 8:30ಕ್ಕೆ ತಿಂಡಿ ಎಂದರೆ 15 ಗಂಟೆ ಉಪವಾಸ, ಸಕ್ಕರೆ ಕಾಯಿಲೆಯವರಿಗೆ ಇದು ಅಪಾಯ.

ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂಕಾಗುತ್ತದೆ. ಹೃದಯ, ಮೂತ್ರಪಿಂಡದ ತೊಂದರೆಗೆ ವೈದ್ಯರು ಮಿತಿ ಹಾಕಿರದಿದ್ದರೆ ದಿನಕ್ಕೆ ಮಹಿಳೆಯರಿಗೆ ಸುಮಾರು 1.6 ಲೀಟರ್, ಪುರುಷರಿಗೆ 2 ಲೀಟರ್ ಕುಡಿಯುವ ದ್ರವ ಬೇಕು. ಕೋಣೆಯಲ್ಲಿ ನೀರಿನ ಜಗ್ ಇದ್ದರೆ ಸಾಲದು. ಅದು ಕೈಗೆ ಎಟಕುತ್ತದೆಯೇ, ಲೋಟ ಎತ್ತಲು ಶಕ್ತಿ ಇದೆಯೇ, ಸಂಜೆಗೆ ಜಗ್ಗಿನ ನೀರು ಇಳಿದಿದೆಯೇ? ರಾತ್ರಿ ಹಾಸಿಗೆ ಒದ್ದೆಯಾಗದಿರಲಿ ಎಂದು ಸಂಜೆಯಿಂದಲೇ ನೀರು ಕಡಿಮೆ ಕೊಡುವ ಕೇಂದ್ರಗಳಿವೆ. ಒಣಗಿದ ನಾಲಿಗೆ, ಗಾಢ ಬಣ್ಣದ ಮೂತ್ರ, ಇದ್ದಕ್ಕಿದ್ದಂತೆ ಗೊಂದಲ ಇವು ಅದರ ಫಲ.

ಇವೆಲ್ಲ ಕೊನೆಗೆ ಕಾಣಿಸುವುದು ತೂಕದಲ್ಲಿ. ಒಳ್ಳೆಯ ಕೇಂದ್ರದಲ್ಲಿ ಸೇರಿದ ಮೊದಲ ನಾಲ್ಕು ವಾರ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆಯಾದರೂ ತೂಕ ನೋಡುತ್ತಾರೆ. ಒಂದು ತಿಂಗಳಲ್ಲಿ 5%, ಆರು ತಿಂಗಳಲ್ಲಿ 10% ಇಳಿದರೆ ವೈದ್ಯರು ನೋಡಲೇಬೇಕು. 60 ಕೆಜಿ ಇದ್ದವರು ತಿಂಗಳಲ್ಲಿ 57ಕ್ಕೆ ಬಂದರೆ “ವಯಸ್ಸಾಯಿತಲ್ಲ” ಎಂಬ ಸಮಾಧಾನ ಒಪ್ಪಬೇಡಿ. ನಿಲ್ಲಲಾರದವರ ತೂಕ ಹೇಗೆ ನೋಡುತ್ತೀರಿ ಎಂದು ಕೇಳಿ. ಕುರ್ಚಿ ತಕ್ಕಡಿಯೋ ಎತ್ತುವ ಯಂತ್ರದ ತಕ್ಕಡಿಯೋ ಇಲ್ಲದಿದ್ದರೆ ಹಾಸಿಗೆ ಹಿಡಿದವರ ತೂಕದ ಕಾಲಂ ಖಾಲಿ ಇರುತ್ತದೆ, ಅಥವಾ ಊಹೆಯ ಅಂಕಿ ಇರುತ್ತದೆ.

ಔಷಧಿ, ಅದರಲ್ಲೂ ಮಂಪರಿನದು

ಔಷಧಿ ಚಾರ್ಟಿನಲ್ಲಿ ಕೊಟ್ಟ ಕೂಡಲೇ ಸಹಿ ಬೀಳಬೇಕು. ನೀವು ಬೆಳಿಗ್ಗೆ 11ಕ್ಕೆ ನೋಡುವಾಗ ರಾತ್ರಿ 9ರ ಕಾಲಂನಲ್ಲೂ ಸಹಿ ಇದ್ದರೆ ಆ ಚಾರ್ಟ್ ನಂಬಿಕೆಗೆ ಯೋಗ್ಯವಲ್ಲ. ಔಷಧಿ ನುಂಗಲು ಒಪ್ಪದಿದ್ದರೆ, ವಾಂತಿ ಮಾಡಿಕೊಂಡರೆ ಅದನ್ನೂ ಬರೆದಿರಬೇಕು. ಇಡೀ ತಿಂಗಳು ಒಂದೂ ತಪ್ಪದ ಚಾರ್ಟ್ ಅನುಮಾನಕ್ಕೆ ಎಡೆ. ಮಾತ್ರೆಗಳನ್ನೆಲ್ಲ ಒಟ್ಟಿಗೆ ಕುಟ್ಟಿ ಊಟದಲ್ಲಿ ಬೆರೆಸುವ ಅಭ್ಯಾಸ ಇದೆಯೇ ಎಂದು ನೋಡಿ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ದಿನವಿಡೀ ಹಂಚಬೇಕಾದ ಡೋಸ್ ಒಮ್ಮೆಗೇ ರಕ್ತಕ್ಕಿಳಿಯುತ್ತದೆ.

ಮಧ್ಯಾಹ್ನದ ಹೊತ್ತಿನಲ್ಲಿ ಹಾಲ್ ತುಂಬ ಜನ ತಲೆ ವಾಲಿಸಿ, ಜೊಲ್ಲು ಸುರಿಸಿಕೊಂಡು ಕೂತಿದ್ದರೆ, ಮಂಪರು ಬರಿಸುವ ಔಷಧಿ ಎಷ್ಟು ಜನರಿಗೆ ಕೊಡುತ್ತಿದ್ದೀರಿ ಎಂದು ನೇರವಾಗಿ ಕೇಳಿ. ಮನೋವಿಕಾರಕ್ಕೆ ಕೊಡುವ ಆ್ಯಂಟಿಸೈಕೋಟಿಕ್ ಔಷಧಿಗಳು ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಅತ್ಯಂತ ಗಂಭೀರ ಎಚ್ಚರಿಕೆ ಹಾಕಿಸಿತು. 2008ರಲ್ಲಿ ಅದೇ ಗುಂಪಿನ ಹಳೆಯ ಔಷಧಿಗಳಿಗೂ ವಿಸ್ತರಿಸಿತು. ಕೊಡಲೇಬಾರದು ಎಂದಲ್ಲ. ಯಾವ ಕಾರಣಕ್ಕೆ, ಯಾರು ಬರೆದುಕೊಟ್ಟರು, ಎಷ್ಟು ದಿನಕ್ಕೆ, ನಿಲ್ಲಿಸುವ ಬಗ್ಗೆ ಮತ್ತೆ ಯಾವಾಗ ನೋಡುತ್ತಾರೆ ಎಂಬುದಕ್ಕೆ ಉತ್ತರ ಇರಬೇಕು, ಮನೆಯವರಿಗೆ ಮೊದಲೇ ತಿಳಿಸಿರಬೇಕು. ಸಿಬ್ಬಂದಿಗೆ ರಾತ್ರಿ ನೆಮ್ಮದಿ ಬೇಕೆಂದು ಕೊಡುವ ಮಾತ್ರೆ ಚಿಕಿತ್ಸೆಯಲ್ಲ.

ಕಟ್ಟಿಹಾಕುವುದೂ ಇದೇ ಜಾತಿಯದು. ಕೈಗೆ ಬಟ್ಟೆ ಸುತ್ತಿ ಮಂಚಕ್ಕೆ ಕಟ್ಟುವುದು ಎದ್ದು ಕಾಣುತ್ತದೆ. ಏಳಲಾಗದಂತೆ ಕುರ್ಚಿಗೆ ಟ್ರೇ ಸಿಕ್ಕಿಸುವುದು, ಹೊದಿಕೆಯನ್ನು ಹಾಸಿಗೆಯಡಿ ಬಿಗಿಯಾಗಿ ತುರುಕುವುದು, ವಾಕರ್ ದೂರ ಇಡುವುದು, ಮಂಚದ ಎರಡೂ ಬದಿಯ ಕಂಬಿ ಏರಿಸಿಡುವುದು ಕಾಣುವುದಿಲ್ಲ. ಕಂಬಿಯ ಸಂದಿಯಲ್ಲಿ ತಲೆ ಸಿಕ್ಕಿ ಸತ್ತವರಿದ್ದಾರೆ. ಹತ್ತಿ ಇಳಿಯಲು ಹೋಗಿ ಇನ್ನೂ ಎತ್ತರದಿಂದ ಬೀಳುವವರೂ ಇದ್ದಾರೆ. ನೆಲಕ್ಕೆ ಹತ್ತಿರ ಇಳಿಸಬಹುದಾದ ಮಂಚ, ಪಕ್ಕದಲ್ಲಿ ಹಾಸಿದ ಮೆತ್ತೆ, ರಾತ್ರಿ ದೀಪ, ಜಾರದ ಚಪ್ಪಲಿ ಇವು ಬೀಳುವುದರಿಂದ ಆಗುವ ಹಾನಿಯನ್ನು ಕಡಿಮೆ ಮಾಡುವ ದಾರಿಗಳು.

ಶೌಚ, ಸ್ನಾನ, ಮಾನ

ನಡೆಯಬಲ್ಲವರಿಗೂ ಡಯಾಪರ್ ಹಾಕಿ “ಅದರಲ್ಲೇ ಮಾಡಿ” ಎನ್ನುವ ಕಡೆ ಬರಬರುತ್ತಾ ನಿಯಂತ್ರಣವೇ ತಪ್ಪಬಹುದು. ಹೊತ್ತಿಗೆ ಸರಿಯಾಗಿ ಶೌಚಾಲಯಕ್ಕೆ ಕರೆದೊಯ್ಯುವ ಪದ್ಧತಿ ಇದೆಯೇ, ದಿನಕ್ಕೆ ಇಷ್ಟೇ ಡಯಾಪರ್ ಎಂಬ ಮಿತಿ ಇದೆಯೇ ಕೇಳಿ. ಕ್ಯಾಥೆಟರ್ (ಮೂತ್ರ ಚೀಲಕ್ಕೆ ಹರಿಯಲು ಮೂತ್ರಕೋಶಕ್ಕೆ ಹಾಕುವ ನಳಿಗೆ) ಹಾಕಿದ್ದರೆ ವೈದ್ಯಕೀಯ ಕಾರಣ ಬರೆದಿರಬೇಕು. ಚೀಲ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು, ನಳಿಗೆ ಮಡಚಿರಬಾರದು.

ಸ್ನಾನದ ನೀರು 44 ಡಿಗ್ರಿ ಸೆಲ್ಸಿಯಸ್ ಮೀರದಂತೆ ಥರ್ಮಾಮೀಟರಿನಲ್ಲಿ ನೋಡುತ್ತಾರೆಯೇ? 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಅದು ತಿಳಿಯುವುದೂ ಇಲ್ಲ. ಬಟ್ಟೆ ಬದಲಿಸುವಾಗ ಪರದೆ ಎಳೆಯುತ್ತಾರೆಯೇ, ಬಾಗಿಲು ತಟ್ಟಿ ಒಳಬರುತ್ತಾರೆಯೇ, ಹೆಸರು ಹಿಡಿದು ಮರ್ಯಾದೆಯಿಂದ ಮಾತಾಡುತ್ತಾರೆಯೇ ಅಥವಾ “3ನೇ ನಂಬರ್” ಎನ್ನುತ್ತಾರೆಯೇ? ಉಗುರು, ಹಲ್ಲಿನ ಸೆಟ್ಟು, ಕನ್ನಡಕದ ಗಾಜು, ಕಿವಿಯ ಯಂತ್ರದ ಬ್ಯಾಟರಿ ಎಲ್ಲ ಚಿಕ್ಕ ವಿಷಯಗಳೇ. ಆದರೆ ಕಿವಿಯ ಯಂತ್ರ ಡ್ರಾಯರಿನಲ್ಲಿದ್ದರೆ ಆ ವ್ಯಕ್ತಿಯನ್ನು ಮರುಳು ಎಂದು ಬರೆದುಬಿಡುವುದು ಬಹಳ ಸುಲಭ.

ಮಾತು ನಿಂತವರ ನೋವನ್ನು ಹೇಗೆ ಗುರುತಿಸುತ್ತೀರಿ ಎಂಬುದು ನರ್ಸ್‌ಗೆ ಕೇಳಬೇಕಾದ ಪ್ರಶ್ನೆ. ಉಸಿರಾಟ, ನರಳಿಕೆ, ಮುಖಭಾವ, ದೇಹದ ಬಿಗಿತ, ಸಮಾಧಾನಕ್ಕೆ ಒಗ್ಗುವಿಕೆ ಈ ಐದಕ್ಕೂ 0ಯಿಂದ 2 ಅಂಕ ಹಾಕುವ ‘ಪೇನ್ಯಾಡ್’ ಎಂಬ ಅಳತೆ ಇದೆ. ಇಂಥದ್ದೊಂದು ಬಳಕೆಯಲ್ಲಿದ್ದರೆ ಸರಿ. “ನೋವಿದ್ದರೆ ಅವರೇ ಹೇಳುತ್ತಾರೆ” ಎಂದರೆ ಯೋಚಿಸಿ.

ದಾಖಲೆ ಓದುವ ಬಗೆ

ಹೆಸರು ಮರೆಮಾಡಿ ಒಂದೆರಡು ಚಾರ್ಟ್ ತೋರಿಸಿ ಎಂದು ಕೇಳಿ. ಮಗ್ಗುಲು ಬದಲಿಸಿದ ಚಾರ್ಟಿನಲ್ಲಿ 10:00, 12:00, 2:00, 4:00 ಎಂದು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಇದ್ದರೆ ಅದನ್ನು ಶಿಫ್ಟ್ ಮುಗಿಯುವಾಗ ಕೂತು ಬರೆದಿದ್ದಾರೆ. ನಿಜವಾದ ಚಾರ್ಟಿನಲ್ಲಿ 10:20, 12:05, 2:40 ಎಂದು ಅಂಕುಡೊಂಕು ಇರುತ್ತದೆ. ಬಿದ್ದವರ ರಿಜಿಸ್ಟರ್‌ನಲ್ಲಿ “ಬಿದ್ದರು, ಬ್ಯಾಂಡೇಜ್ ಹಾಕಿದೆ” ಎಂದು ನಿಲ್ಲಬಾರದು. ಯಾವ ಹೊತ್ತಿಗೆ, ಎಲ್ಲಿಗೆ ಹೊರಟಿದ್ದರು, ಬಿಪಿ ಎಷ್ಟಿತ್ತು, ಹೊಸ ಔಷಧಿ ಶುರುವಾಗಿತ್ತೇ, ಆಮೇಲೆ ಏನು ಬದಲಿಸಿದರು ಎಂಬುದಿರಬೇಕು. ಒಬ್ಬರೇ ತಿಂಗಳಲ್ಲಿ ಮೂರು ಸಲ ಬೆಳಗಿನ ಜಾವ ಶೌಚಾಲಯದ ದಾರಿಯಲ್ಲಿ ಬಿದ್ದಿದ್ದರೆ, ಆ ಹೊತ್ತಿಗೆ ಅವರನ್ನು ಕರೆದೊಯ್ಯಲು ಯಾರೂ ಇಲ್ಲ ಎಂದೇ ಅರ್ಥ.

ಹಾಲ್‌ನಲ್ಲಿ ಕಾಣಸಿಗುವ ಬೇರೆ ಮನೆಯವರ ಜೊತೆ ಮಾತಾಡಿ. “ಚೆನ್ನಾಗಿದೆಯಾ?” ಎಂದರೆ “ಪರವಾಗಿಲ್ಲ” ಎನ್ನುತ್ತಾರೆ. “ಕೊನೆಯ ಸಲ ದೂರು ಹೇಳಿದಾಗ ಏನಾಯಿತು?” ಎಂದು ಕೇಳಿ.

ಸೇರಿಸಿದ ಮೇಲೆ

ಕರಾರಿಗೆ ಸಹಿ ಹಾಕುವ ಮುನ್ನ ಡಯಾಪರ್, ಔಷಧಿ, ಫಿಸಿಯೋಥೆರಪಿ, ಆಂಬುಲೆನ್ಸ್ ಶುಲ್ಕದಲ್ಲಿ ಸೇರಿವೆಯೇ, ಆಸ್ಪತ್ರೆಗೆ ಹೋದಾಗ ಹಾಸಿಗೆ ಕಾದಿಡುತ್ತಾರೆಯೇ, ಯಾವ ಸ್ಥಿತಿಯಲ್ಲಿ ಹೊರಗೆ ಕಳಿಸುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಸೇರಿಸುವ ದಿನ ತೂಕ ಬರೆದುಕೊಳ್ಳಿ, ಹಿಮ್ಮಡಿ ಮತ್ತು ಸೊಂಟದ ಚರ್ಮದ ಫೋಟೋ ತೆಗೆದುಕೊಳ್ಳಿ, ಈಗಿನ ಔಷಧಿ ಪಟ್ಟಿಯ ಒಂದು ಪ್ರತಿ ಇಟ್ಟುಕೊಳ್ಳಿ. ಇವಿಲ್ಲದಿದ್ದರೆ ಮುಂದೆ “ಬರುವಾಗಲೇ ಹೀಗಿತ್ತು” ಎಂಬ ಮಾತಿಗೆ ನಿಮ್ಮ ಬಳಿ ಉತ್ತರ ಇರುವುದಿಲ್ಲ. ಭೇಟಿಯ ದಿನ ಮತ್ತು ಹೊತ್ತನ್ನು ಬದಲಿಸುತ್ತಿರಿ. ಹೋದಾಗಲೆಲ್ಲ ಪಾದ, ಬಾಯಿ, ನೀರಿನ ಜಗ್ ನೋಡುವುದು ಎರಡು ನಿಮಿಷದ ಕೆಲಸ.

ಏನಾದರೂ ಸರಿಯಿಲ್ಲದಿದ್ದರೆ ಮೊದಲು ಆ ಶಿಫ್ಟಿನ ನರ್ಸ್‌ಗೆ ಹೇಳಿ, ಆಮೇಲೆ ಮುಖ್ಯಸ್ಥರಿಗೆ ಬರೆದು ಕೊಡಿ: ದಿನಾಂಕ, ಹೊತ್ತು, ಕಂಡದ್ದು, ಏನಾಗಬೇಕು, ಎಷ್ಟು ದಿನದೊಳಗೆ. “ಸರಿಯಾಗಿ ನೋಡಿಕೊಳ್ಳುತ್ತಿಲ್ಲ” ಎಂದರೆ ಏನೂ ಆಗುವುದಿಲ್ಲ. “ಮಂಗಳವಾರ ಸಂಜೆ 4ರಿಂದ 7:30ರವರೆಗೆ ಒಂದೇ ಮಗ್ಗುಲಲ್ಲಿದ್ದರು” ಎಂದರೆ ಉತ್ತರ ಕೊಡಲೇಬೇಕಾಗುತ್ತದೆ. ಹೊಡೆತದ ಗುರುತು, ಕಾರಣ ಹೇಳಲಾಗದ ಗಾಯ, ಸಿಬ್ಬಂದಿಯನ್ನು ಕಂಡರೆ ಬೆದರುವುದು ಕಂಡರೆ ಈ ಮೆಟ್ಟಿಲುಗಳನ್ನೆಲ್ಲ ಬಿಟ್ಟು ಅದೇ ದಿನ ವೈದ್ಯರಿಗೆ ತೋರಿಸಿ, ಪೊಲೀಸರಿಗೋ ಮೇಲ್ವಿಚಾರಣೆಯ ಅಧಿಕಾರಿಗಳಿಗೋ ತಿಳಿಸಿ.

ಕೇಂದ್ರ ಬದಲಿಸುವುದು ಹಿರಿಯರಿಗೆ, ಅದರಲ್ಲೂ ಡಿಮೆನ್ಷಿಯಾ ಇರುವವರಿಗೆ ದೊಡ್ಡ ಪೆಟ್ಟು. ಸಣ್ಣಪುಟ್ಟ ಅಸಮಾಧಾನಕ್ಕೆ ಅದು ಮದ್ದಲ್ಲ. ಆದರೆ ಬರೆದು ಕೊಟ್ಟ ಮೇಲೂ ಹುಣ್ಣು ಆಳವಾಗುತ್ತಿದ್ದರೆ, ತೂಕ ಇಳಿಯುತ್ತಲೇ ಇದ್ದರೆ, ಕೇಳದೆ ಮಂಪರಿನ ಔಷಧಿ ಹೆಚ್ಚಿಸಿದ್ದರೆ ತಡಮಾಡಬೇಡಿ. ಹೊರಡುವ ದಿನ ಪ್ರತಿ ಔಷಧಿಯ ಕೊನೆಯ ಡೋಸ್ ಎಷ್ಟು ಗಂಟೆಗೆ ಕೊಟ್ಟರು ಎಂದು ಬರೆಸಿಕೊಳ್ಳಿ, ಕೊನೆಯ ಮೂರು ತಿಂಗಳ ತೂಕದ ಚಾರ್ಟ್, ಹುಣ್ಣಿನ ಅಳತೆ, ರಕ್ತಪರೀಕ್ಷೆಯ ವರದಿಗಳ ಪ್ರತಿ ಪಡೆಯಿರಿ. ಸಾಗಿಸಲು ಬೆಳಗಿನ ಹೊತ್ತನ್ನೇ ಆರಿಸಿ. ಹೊಸ ಕಡೆ ಹಗಲಿನ ಶಿಫ್ಟ್ ಇರುವಾಗಲೇ ತಲುಪಿದರೆ ಚರ್ಮ, ತೂಕ, ಔಷಧಿ ಎಲ್ಲವನ್ನೂ ನಿಮ್ಮ ಎದುರಿಗೇ ನೋಡಿ ಬರೆದುಕೊಳ್ಳಲು ಅಲ್ಲಿನವರಿಗೆ ಸಮಯ ಸಿಗುತ್ತದೆ.